ಡಗ್ಗಾಕ್ಕೆ ಬಿಟ್ಟ ಜಾಗ

ಆನಂದಕುಮಾರನನ್ನು ತಂಡದಿಂದ ಯಾರೂ ತೆಗೆಯಲಿಲ್ಲ, ಅವನೇ ಬಿಟ್ಟುಹೋದ ಎಂದು ಪಂಪಾಪತಿ ಸಿಂಧನೂರಿನಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಹಸಿ ಸುಳ್ಳು. ತಬಲಾ ಬಾರಿಸುವ ನಾನು, ವೀರೇಶ, ಆಗ ಪಕ್ಕದಲ್ಲೇ ಕೂತಿದ್ದೆ.

ನಾವಿದ್ದದ್ದೇ ಮೂವರು. ಗೊಬ್ಬರದಂಗಡಿಯ ಪಂಪಾಪತಿ ಕೀಬೋರ್ಡ್ ನುಡಿಸುತ್ತ ಹಾಡುತ್ತಿದ್ದ. ಆನಂದಕುಮಾರನದು ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರು. ತುರ್ವಿಹಾಳದವನು, ಲಿಂಗಸುಗೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ಮಂದಿಯ ರಕ್ತ ಪರೀಕ್ಷೆ ಮಾಡಿ, ಬಸ್ಸಿನಲ್ಲಿ ಸಿಂಧನೂರಿಗೆ ಮರಳಿ, ಟಿಫಿನ್ ಚೀಲದ ಸಮೇತ ಅಂಗಡಿಯ ಮಹಡಿಗೆ ಪ್ರಾಕ್ಟೀಸಿಗೆ ಬರುತ್ತಿದ್ದ. ಸೀಮಂತವಿರಲಿ, ಆರತಕ್ಷತೆಯಿರಲಿ, ಜನ ನೋಡುತ್ತಿದ್ದದ್ದು ಪಂಪಾಪತಿಯನ್ನೇ. ಆನಂದಕುಮಾರನಿಗೆ ಅದರ ಬೇಸರವಿರಲಿಲ್ಲ. ಮೂವರಲ್ಲಿ ಒಬ್ಬನಾಗಿ ಕೂಡುವುದಷ್ಟೇ ಅವನಿಗೆ ಬೇಕಿತ್ತು.

ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಒಂದನ್ನು ಬೇಸಿಗಾಗಿ ತಂಡದ ಹೆಸರಿನಲ್ಲಿ ಕೊಳ್ಳುವುದೆಂದಾಯಿತು. ವಾದ್ಯ ಮಾರುವ ರಹಮಾನಸಾಬನ ಅಂಗಡಿಗೆ ಹೋದೆವು. ನೀಲಿ ದೀಪ ಮಿನುಗುವ ದೊಡ್ಡ ಪೆಟ್ಟಿಗೆಯೊಂದರ ಮೇಲೆ ಪಂಪಾಪತಿಯ ಕಣ್ಣು ಬಿತ್ತು.

“ಇದನ್ನ ಒಯ್ಯೋಣ. ಗ್ವಾಡಿ ನಡುಗಬೇಕು ನೋಡು.”

“ಗ್ವಾಡಿ ನಡುಗಿಸಿ ಏನ್ ಮಾಡ್ತಿ, ಪಂಪಣ್ಣ? ನಾವಿರೋದು ಮೂರು ಮಂದಿ,” ಎಂದ ಆನಂದಕುಮಾರ.

ತಬಲಾ ತರಲು ನನಗೆ ಅವನೇ ಹೇಳಿದ್ದ. ಸದ್ದು ಕಡಿಮೆ ಇಟ್ಟು ಅತಿ ದಪ್ಪ ತಂತಿ ಮೀಟುವನು. ನಾನು ಎಡಗೈಯಲ್ಲಿ ಡಗ್ಗಾ, ಅಂದರೆ ತಬಲಾ ಜೋಡಿಯ ದಪ್ಪ ದನಿಯದನ್ನು, ಬಾರಿಸಬೇಕು. ದೊಡ್ಡ ಪೆಟ್ಟಿಗೆಯ ಮುಂದೆ ನನ್ನ ಡಗ್ಗಾ ಇದ್ದೂ ಇಲ್ಲದಂತಾಯಿತು.

“ನಿನ್ನ ಡಗ್ಗಾ ಮುಚ್ಚಿಹೋತಲೇ ವೀರೇಶ. ಇದು ಬ್ಯಾಡ.”

ಹೀಗೆ ಮೂರು ಭಾನುವಾರ ಅಲೆದು ಆನಂದಕುಮಾರ ಚಿಕ್ಕದೊಂದನ್ನು ಆರಿಸಿದ. ಒಂದೇ ಕೈಯಲ್ಲಿ ಎತ್ತಬಹುದು, ಬಸ್ಸಿನ ಸೀಟಿನ ಕೆಳಗೆ ತೂರಿಸಬಹುದು. ಬೇಸು ಬೇರೆ, ಡಗ್ಗಾ ಬೇರೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ತಬಲಾದ ಬಗ್ಗೆ ನಾನೇ ಅಷ್ಟು ತಲೆ ಕೆಡಿಸಿಕೊಂಡವನಲ್ಲ.

“ಇದಕ್ಕ ಫೋನ್ ಹಚ್ಚಾಕನೂ ಬರ್ತೈತ್ರಿ,” ಎಂದ ರಹಮಾನಸಾಬ. ಮನೆಯಲ್ಲಿ ಹಾಡು ಹಾಕಿಕೊಂಡು ನುಡಿಸಬಹುದೆಂದು ಆನಂದಕುಮಾರ ಹಿಗ್ಗಿದ. ಪಂಪಾಪತಿ ಮಾತ್ರ ಬಗ್ಗಿ ಫೋನಿನ ವೈರು ಸಿಕ್ಕಿಸುವ ತೂತನ್ನು ಬಹಳ ಹೊತ್ತು ನೋಡಿದ.

ತಿಂಗಳ ಮೇಲೆ ಬಾಯಿಬಿಟ್ಟ. “ಆನಂದ, ನಿನಗ ಡ್ಯೂಟಿ ಬಿದ್ರ ಪ್ರೋಗ್ರಾಮ್ ನಿಲ್ಲಬಾರದು. ಬೇಸ್ ಅಷ್ಟ ಫೋನಿನಾಗ ತುಂಬಿ ಕೊಡು.”

ಆ ಪುಣ್ಯಾತ್ಮ ರಜೆಯ ದಿನ ಮನೆಯಲ್ಲಿ ಕೂತು ಇಪ್ಪತ್ತು ಹಾಡಿಗೂ ಬೇಸ್ ರೆಕಾರ್ಡ್ ಮಾಡಿ ಕೊಟ್ಟ.

ಮುಂದಿನ ಕಾರ್ಯಕ್ರಮ ಮಸ್ಕಿಯಲ್ಲಿ, ಒಂದು ಆರತಕ್ಷತೆ. ಹಿಂದಿನ ದಿನ ಮಹಡಿಯಲ್ಲಿ ಪಂಪಾಪತಿ ಹೇಳಿದ: “ಮಸ್ಕಿಗೆ ನೀ ಬರಬ್ಯಾಡ. ವೇದಿಕಿ ಸಣ್ಣದೈತಂತ. ಮೂರು ಮಂದಿಗೆ ಜಾಗಿಲ್ಲ.”

ಆನಂದಕುಮಾರ ನನ್ನ ಮುಖ ನೋಡಿದ. ನಾನು ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡುತ್ತಿದ್ದೆ. ತಲೆ ಎತ್ತಲಿಲ್ಲ. ಒಂದು ಮಾತು ಆಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹೇಡಿ ನಾನು.

ಮಸ್ಕಿಯ ವೇದಿಕೆಯ ಮೇಲೆ ಹತ್ತು ಮಂದಿ ಕೂಡಬಹುದಿತ್ತು. ಆನಂದಕುಮಾರ ಕೂಡುತ್ತಿದ್ದ ಕಡೆ ಕಾಂಬೊ ಇಟ್ಟು ಪಂಪಾಪತಿ ಫೋನು ಸಿಕ್ಕಿಸಿದ. ಬೇಸು ಚೊಕ್ಕವಾಗಿ ಬಂತು. ಒಬ್ಬ ಕಡಿಮೆಯಿದ್ದಾನೆಂದು ಯಾರೂ ಕೇಳಲಿಲ್ಲ.

ಮೂರನೆಯ ಹಾಡಿನ ಹೊತ್ತಿಗೆ ಮಂಟಪದ ಬಾಗಿಲಲ್ಲಿ ಟಿಫಿನ್ ಚೀಲ ಕಂಡಿತು. ಲಿಂಗಸುಗೂರಿನಿಂದ ಬರುವ ಬಸ್ಸು ಮಸ್ಕಿಯ ಮೇಲೆಯೇ ಹಾಯುತ್ತದೆ. ಆನಂದಕುಮಾರ ಇಳಿದು ಬಂದಿದ್ದ. ಒಳಗೆ ಬರಲಿಲ್ಲ.

ಹಾಡಿನ ನಡುವೆ ಬೇಸು ಒಮ್ಮೆಲೇ ನಿಂತಿತು. ಪೆಟ್ಟಿಗೆಯೊಳಗಿಂದ ಅವನದೇ ದನಿ ಮೆಲ್ಲಗೆ ಬಂತು.

“ವೀರೇಶ, ಇಲ್ಲಿ ನಿನ್ನ ಡಗ್ಗಾಕ್ಕ ಜಾಗ ಬಿಟ್ಟೀನಿ. ಬಾರಿಸು.”

ಪಂಪಾಪತಿ ಬಿಳಿಚಿಕೊಂಡ. ರೆಕಾರ್ಡನ್ನು ಪೂರ್ತಿ ಕೇಳುವ ವ್ಯವಧಾನ ಅವನಿಗೆಲ್ಲಿತ್ತು? ಹಾಡಿನೊಳಗೇ ಇರುವ ಮಾತೆಂದು ಜನ ನಕ್ಕರು. ನನ್ನ ಕೈ ನಿಲ್ಲಲಿಲ್ಲ. ಅವನು ಬಿಟ್ಟುಕೊಟ್ಟ ಜಾಗವನ್ನೆಲ್ಲ ಬಾರಿಸಿ ತುಂಬಿದೆ. ಹಿಂದೆಂದೂ ಬೀಳದ ಚಪ್ಪಾಳೆ ಬಿತ್ತು. ಆಗ ತಲೆ ಎತ್ತಿ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.