ನಾನು ಬಾಕ್ಸಿಂಗ್ ಕಲಿಸಿದ ಒಬ್ಬನೇ ಶಿಷ್ಯ

ಐವತ್ತರ ದಶಕದ ಕೊನೆಗೆ ನಾನು ಬಂಟ್ವಾಳದಲ್ಲಿ ಡ್ರಿಲ್ ಮಾಷ್ಟ್ರಾಗಿದ್ದೆ. ಬಾಕ್ಸಿಂಗ್ ಬಗ್ಗೆ ನನಗಿದ್ದ ಜ್ಞಾನವೆಂದರೆ ತರಬೇತಿ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ನೋಡಿದ್ದು, ಮತ್ತೆ ಒಂದು ಚಿತ್ರಪುಸ್ತಕ. ಊರಿನಲ್ಲಿ ಬೇರೆಯವರಿಗೆ ಅಷ್ಟೂ ಗೊತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಶಿಷ್ಯ ನೇತ್ರಾವತಿಯ ಕಡವಿನಲ್ಲಿ ಮೂಟೆ ಹೊರುವವನು. ಮಂಗಳೂರಿನಿಂದ ಬಂದ ದೋಣಿಗೂ ದಡಕ್ಕೂ ನಡುವೆ ಒಂದಡಿ ಅಗಲದ ಹಲಗೆ ಹಾಕುತ್ತಿದ್ದರು. ಉಳಿದವರು ಒಂದು ಮೂಟೆ ಹೊತ್ತು ಉಸಿರು ಬಿಗಿಹಿಡಿದು ದಾಟುವಲ್ಲಿ ಅವನು ಎರಡು ಹೊತ್ತು ಎಲೆಯಡಿಕೆ ಜಗಿಯುತ್ತ ಬರುತ್ತಿದ್ದ. ಮೊಣಕಾಲು ಸ್ವಲ್ಪ ಮಡಿಚಿ, ಪಾದ ಎತ್ತದೆ ಜಾರಿಸಿಕೊಂಡು ಹೋಗುವುದು ಅವನ ರೀತಿ. ನೆಲದ ಮೇಲೂ ಹಾಗೆಯೇ ನಡೆಯುತ್ತಿದ್ದ. ಒಮ್ಮೆ ಮಳೆಗೆ ಉಬ್ಬಿ ಕಚ್ಚಿಕೊಂಡಿದ್ದ ಗೋದಾಮಿನ ಬಾಗಿಲನ್ನು ಒಂದೇ ಗುದ್ದಿಗೆ ತೆರೆದ. ಆಮೇಲೆ ಅದನ್ನು ಮುಚ್ಚಲು ಯಾರಿಂದಲೂ ಆಗಲಿಲ್ಲ.

ಆ ವರ್ಷ ಬೊಂಬಾಯಿಯ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಮೂಡುಬಿದಿರೆಯ ತಮ್ಮ ಮನೆಗೆ ರಜೆಯಲ್ಲಿ ಬಂದರು. ಕಂಪೆನಿಯ ಬಾಕ್ಸಿಂಗ್ ತಂಡಕ್ಕೆ ಭಾರೀ ಆಳೊಬ್ಬ ಬೇಕಿತ್ತಂತೆ. ಎರಡು ತಿಂಗಳು ಬಿಟ್ಟು ಮೂಡುಬಿದಿರೆಯಲ್ಲೇ ಒಂದು ಪಂದ್ಯ, ಗೆದ್ದವನಿಗೆ ವಾಚ್‌ಮನ್ ಕೆಲಸ, ಇರಲು ಒಂದು ಖೋಲಿ. ಬಂಟ್ವಾಳಕ್ಕೆ ಲಾರಿಗಳು ಬರತೊಡಗಿ ದೋಣಿಗಳು ಕಡಿಮೆಯಾಗುತ್ತಿದ್ದ ಕಾಲ. ವಾರದಲ್ಲಿ ನಾಲ್ಕು ದಿನ ಅವನು ಕಡವಿನಲ್ಲಿ ಸುಮ್ಮನೆ ಕೂತಿರುತ್ತಿದ್ದ. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು.

“ಮಾಷ್ಟ್ರೇ, ನನಗೆ ಇದೊಂದೇ ದಾರಿ ಉಂಟು. ನೀವು ಹೇಳಿದ ಹಾಗೆ ಮಾಡ್ತೇನೆ,” ಎಂದ. ತುಳು ಮಾತಾಡುವವನು, ಗುರುವಿನ ಮುಂದೆ ಎಂದು ಕಷ್ಟಪಟ್ಟು ಕನ್ನಡದಲ್ಲಿ ಹೇಳಿದ.

ನಿಜಕ್ಕೂ ಹೇಳಿದ ಹಾಗೆಯೇ ಮಾಡಿದ. ಕೆಟ್ಟದ್ದೇ ಅದರಿಂದ. ನನ್ನ ಪುಸ್ತಕದ ಬಾಕ್ಸರುಗಳೆಲ್ಲ ತುದಿಗಾಲಿನಲ್ಲಿದ್ದರು. ಇವನ ನಡಿಗೆ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. “ಎಮ್ಮೆಯ ಹಾಗೆ ನಡೀಬೇಡ ಮಾರಾಯ, ಕುಣಿ,” ಎನ್ನುತ್ತಿದ್ದೆ. ಎರಡು ತಿಂಗಳು ಅಕ್ಕಿ ಗಿರಣಿಯ ಅಂಗಳದಲ್ಲಿ ಹಗ್ಗ ಹಾರಿಸಿದೆ. ಎರಡು ಹಗ್ಗ ತುಂಡಾದವು. ಗುದ್ದುವುದನ್ನು ಕಲಿಸಲಿಲ್ಲ, ಅದು ನನಗೆ ಗೊತ್ತಿರಲಿಲ್ಲ.

ಮೂಡುಬಿದಿರೆಯ ಮೈದಾನದಲ್ಲಿ ನಾಲ್ಕು ಅಡಿಕೆ ಕಂಬ ನೆಟ್ಟು ಹಗ್ಗ ಕಟ್ಟಿದ್ದರು. ಎದುರಾಳಿ ಮಂಗಳೂರಿನವ, ಗಾತ್ರದಲ್ಲಿ ಇವನ ಮುಕ್ಕಾಲು ಪಾಲು. ಅವನನ್ನು ಪಳಗಿಸಿದವರು ನೌಕಾಪಡೆಯಲ್ಲಿದ್ದು ಬಂದ ಒಬ್ಬ ಮುದುಕರು. ಗಂಟೆ ಹೊಡೆದಾಗ ನನ್ನ ಶಿಷ್ಯ ಗಾಬರಿಯಲ್ಲಿ ಪಾಠವೆಲ್ಲ ಮರೆತು, ತನ್ನ ಹಳೆಯ ನಡಿಗೆಯಲ್ಲೇ ಮುಂದೆ ಹೋದ. ಮಂಗಳೂರಿನವ ಹಗ್ಗದ ತನಕ ಹಿಂದೆ ಸರಿದ. ನಾನು ಹೊರಗಿನಿಂದ ಕೂಗಿ ಹೇಳಿದೆ, ಕುಣಿ ಎಂದು. ಕುಣಿದ. ಎರಡೂ ಪಾದ ನೆಲ ಬಿಟ್ಟಿದ್ದಾಗ ಒಂದು ಸಾಧಾರಣ ಗುದ್ದು ಬಿತ್ತು. ಮಲಗಿದವನು, ರೆಫ್ರಿ ಹತ್ತು ಎಣಿಸಿ ಮುಗಿಸಿದ ಮೇಲೆ ಎದ್ದ.

ಮುದುಕರು ನನ್ನ ಹತ್ತಿರ ಬಂದರು. “ಕುಣೀಲಿಕ್ಕೆ ಹೇಳಿಕೊಟ್ಟದ್ದು ಯಾರು?”

“ನಾನು.”

“ಅವನ ಕಾಲು ನೆಲದಲ್ಲೇ ಇದ್ದಿದ್ರೆ ಅವನನ್ನು ಬೀಳಿಸುವವರು ಈ ಜಿಲ್ಲೆಯಲ್ಲಿ ಇಲ್ಲ. ನನ್ನ ಕೈಗೆ ಸಿಕ್ಕಿದ್ರೆ ಆ ನಡಿಗೆಗೆ ಎಡಗೈಯ ಒಂದು ಗುದ್ದು ಸೇರಿಸ್ತಿದ್ದೆ, ಅಷ್ಟೇ. ಬೇರೆ ಏನೂ ಮುಟ್ತಿರ್ಲಿಲ್ಲ,” ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಬೊಂಬಾಯಿಗೆ ಮಂಗಳೂರಿನವ ಹೋದ. ಮರುದಿನ ಕಡವಿನಲ್ಲಿ ಜನ ನನ್ನ ಶಿಷ್ಯನನ್ನು ಸುತ್ತುವರಿದು, ಸೋತದ್ದು ಹೇಗೆಂದು ಕೇಳುತ್ತಿದ್ದರು. ನಾನು ಅಲ್ಲಿಯೇ ಇದ್ದೆ.

“ಮಾಷ್ಟ್ರು ಸರಿಯಾಗಿಯೇ ಹೇಳಿಕೊಟ್ಟಿದ್ರು. ನನಗೆ ಕುಣೀಲಿಕ್ಕೆ ಬರ್ಲಿಲ್ಲ,” ಎಂದ. ನನ್ನ ಎದುರು ಎಂದು ಅದನ್ನೂ ಕನ್ನಡದಲ್ಲೇ ಹೇಳಿದ.

ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಇಂಥ ದಡ್ಡನ ಜೊತೆ ಎರಡು ತಿಂಗಳು ಹೆಣಗಿದವನಲ್ಲವೇ ನಾನು. ನನಗೆ ನಾಚಿಕೆಯಾಯಿತು. ಮುದುಕರ ಮಾತನ್ನು ಆಗಲೇ ಹೇಳಿಬಿಡಬಹುದಿತ್ತು.

“ಇರಲಿ ಬಿಡಿ,” ಎಂದೆ. “ಪಾಪ, ಅವನಿಂದ ಆದಷ್ಟು ಮಾಡಿದ್ದಾನೆ.”