ಮೊದಲು ಕೂರುವ ಹಕ್ಕು

ಲೋಕ ನಿಂತಿರುವುದು ಕೊಟ್ಟ ಮಾತಿನ ಮೇಲೆ ಎಂದು ಹಿರಿಯರು ಹೇಳುತ್ತಾರೆ. ಲೋಕದ ವಿಷಯ ನನಗೆ ತಿಳಿಯದು. ಒಂದು ಕಕ್ಕಸಂತೂ ಅದರ ಮೇಲೆ ನಿಲ್ಲುವುದಿಲ್ಲ.

ನಾನು ಚಿಕ್ಕವನಿದ್ದಾಗ, ಅಂದರೆ ನನ್ನ ಚಡ್ಡಿಗೆ ಗುಂಡಿ ಹೋಗಿ ಪಿನ್ನೇ ಆಧಾರವಾಗಿದ್ದ ಕಾಲದಲ್ಲಿ, ನಮ್ಮ ಮನೆ ಗಂಗೊಳ್ಳಿಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿತ್ತು. ಅಪ್ಪನದು ಮೀನಿನ ವ್ಯಾಪಾರ. ಅಂಗಳದಲ್ಲಿ ಒಣಮೀನು, ಜಗಲಿಯಲ್ಲಿ ಐಸಿನ ಪೆಟ್ಟಿಗೆ, ಹಿತ್ತಿಲಲ್ಲಿ ಹಂಚು ಹೊದೆಸಿದ ಕಕ್ಕಸು. ಅದರ ನೆಲದಲ್ಲಿ ಸಿಮೆಂಟಿನ ಬೇಸಿನ್ ಇತ್ತು. ಅಡ್ಡಕ್ಕೆ ಬಿರುಕು ಬಿಟ್ಟಿದ್ದ ಅದರ ಮೇಲೆ ಕೂರುವವರು ಮನೆದೇವರನ್ನು ನೆನೆದೇ ಕೂರುತ್ತಿದ್ದರು. ನನಗೆ ಅಷ್ಟು ಭಕ್ತಿ ಇರಲಿಲ್ಲ. ನಾನು ಕಡಲ ದಂಡೆಯ ಗಾಳಿಮರಗಳ ಹಿಂದೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ನಡುವೆ ಅಪ್ಪ, ಬಿಳಿ ಪಿಂಗಾಣಿ ಬೇಸಿನ್ ತಂದು ತಾವೇ ಕೂಡಿಸುವುದಾಗಿ ಸಾರಿದರು.

"ಮೇಸ್ತ್ರಿ ಎಂತಕೆ? ದೋಣಿ ರಿಪೇರಿ ಮಾಡುವವ್ನಿಗೆ ಕಕ್ಕಸ್ ಒಂದ್ ದೊಡ್ಡ ವಿಷ್ಯವಾ?"

"ದೋಣಿ ಮುಳ್ಗಿರೆ ಈಜುಕೆ ಆತ್ತ್," ಅಂದರು ಅಮ್ಮ. "ಇದ್ ಮುಳ್ಗಿರೆ?"

ಅಪ್ಪ ಆ ಪ್ರಶ್ನೆಯನ್ನು ಗಂಜಿಯ ಜೊತೆ ನುಂಗಿ ನನ್ನ ಕಡೆ ತಿರುಗಿದರು. "ಮಾಣಿ, ನೀ ಕೈ ಹಾಕ್. ಹೊಸ ಬೇಸಿನ್ ಮೇಲೆ ಮೊದ್ಲ್ ಕೂಕಂಬುದ್ ನೀನೇ."

ಇದು ಸಣ್ಣ ಮಾತಲ್ಲ, ಮಕ್ಕಳೇ. ನಮ್ಮಲ್ಲಿ ಹೊಸತಕ್ಕೆಲ್ಲ ಕಾಯಿ ಒಡೆಯಬೇಕು, ಹಿರಿಯರ ಕೈಯಿಂದಲೇ ಸುರುವಾಗಬೇಕು. ಹೊಸ ಅಕ್ಕಿಯ ಊಟವಿರಲಿ, ಹೊಸ ಬಲೆಯಿರಲಿ, ಮನೆಯ ಕಿರಿಯನಾದ ನನಗೆ ಯಾವುದೂ ಮೊದಲು ಸಿಕ್ಕಿದ್ದಿಲ್ಲ. ಅಂಗಿ ಕೂಡ ಯಾರೋ ಹಾಕಿ ಬಿಟ್ಟದ್ದು. ಅಕ್ಕ ಬಟ್ಟಲಿಗೆ ಮುಖ ತಗ್ಗಿಸಿ ನಕ್ಕಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಬೇಸಿನ್ ತರಲು ಅಪ್ಪ ಮತ್ತು ನಾನು ಹೊಳೆ ದಾಟಿ ಕುಂದಾಪುರಕ್ಕೆ ಹೋದೆವು. ಬರುವಾಗ ದೋಣಿಯಲ್ಲಿ, ಬೈಹುಲ್ಲು ಸುತ್ತಿ ಗೋಣಿಯಲ್ಲಿ ಕಟ್ಟಿದ ಅದನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿ ಕುಳಿತಿದ್ದೆ. ಎದುರಿಗಿದ್ದ ಮೀನು ಮಾರುವ ಹೆಂಗಸು ಖಾಲಿ ಬುಟ್ಟಿಯ ಮೇಲೆ ಮೊಣಕೈ ಊರಿ ಕೇಳಿದಳು.

"ಹ್ವಾಯ್ ಮಾಣಿ, ಮಡ್ಲಗೆ ಎಂತ ಅದ್? ಮದ್ಮಗಳಾ?"

"ಪಿಂಗಾಣಿ ಸಾಮಾನ್," ಅಂದರು ಅಪ್ಪ, ಗಂಭೀರವಾಗಿ.

"ಹಾಂಗಾರೆ ಊಟಕ್ಕ್ ಬತ್ತೆ."

ಅಪ್ಪ ದಡ ಮುಟ್ಟುವವರೆಗೂ ನೀರನ್ನೇ ನೋಡಿದರು.

ಮರುದಿನ ಹಾರೆ, ಸುತ್ತಿಗೆ ಹಿಡಿದು ಹಳೆಯದನ್ನು ಕಿತ್ತೆವು. ವಾಸನೆಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅಂಗಳದ ಒಣಮೀನು ಅಂದು ನನಗೆ ಅತ್ತರಿನಂತೆ ಇತ್ತು. ಹೊಸ ಬೇಸಿನ್ನಿನ ಅಡಿಗೆ ತುಂಬಲು, ಸಿಮೆಂಟಿಗೆ ಕಲಸಲು ಮರಳು ಬೇಕಾಯಿತು.

"ಹೊಳೆ ಮರಳಲ್ದಾ ಹಾಕುದ್?" ಎಂದೆ. ಊರಲ್ಲಿ ಮನೆ ಕಟ್ಟುವವರೆಲ್ಲ ಅದನ್ನೇ ತರುವುದನ್ನು ಕಂಡಿದ್ದೆ.

"ಮನೆ ಹಿಂದ್ ಇಡೀ ಸಮುದ್ರ ಇಟ್ಕಂಡ್, ಮರಳ್ ತರುಕೆ ಹೊಳಿಗ್ ಹೋಪ್ದಾ? ತಕಂಡ್ ಬಾ."

ಮೀನಿನ ಬುಟ್ಟಿಯಲ್ಲಿ ಹೊತ್ತು ತಂದು, ಚಿಪ್ಪುಗಳನ್ನು ಆರಿಸಿ, ಜರಡಿ ಹಿಡಿದೆ. ಅದನ್ನು ತೊಳೆಯಲೂ ಇಲ್ಲ, ತುಂಬಿದ ಮೇಲೆ ಗುದ್ದಿ ಗಟ್ಟಿ ಮಾಡಲೂ ಇಲ್ಲ. ಬೇಸಿನ್ ಕುಳಿತಾಗ ಮಾತ್ರ ಕತ್ತಲೆಯ ಕೋಣೆಯಲ್ಲಿ ಹುಣ್ಣಿಮೆಯ ಹಾಗೆ ಹೊಳೆಯಿತು. ಸಿಮೆಂಟು ಒಣಗುವವರೆಗೆ ಬೆಕ್ಕೂ ಒಳಗೆ ಹೋಗದಂತೆ ಬಾಗಿಲಲ್ಲಿ ಕಾವಲು ಕುಳಿತವನೂ ನಾನೇ.

ಕೊನೆಗೆ ಅಪ್ಪ ಬೆರಳಿನಿಂದ ಕುಟ್ಟಿ ನೋಡಿ, "ನಾಳೆ," ಎಂದರು. ಮಾರನೆಯ ಬೆಳಿಗ್ಗೆ ನಾನು ಗಾಳಿಮರದ ಕಡೆಗೆ ಹೋಗಲಿಲ್ಲ. ಬರಿಗೈಯಲ್ಲಿ ಉದ್ಘಾಟನೆಗೆ ಹೋಗುವುದು ಸರಿಯಲ್ಲವೆಂದು ತಡೆದುಕೊಂಡೆ.

ಅಂದು ಮನೆಯೊಳಗೆ ಏನೋ ಸಡಗರ. ಅಕ್ಕ ರೇಷ್ಮೆ ಸೀರೆ ಉಟ್ಟು, ಹೆಮ್ಮಾಡಿಯ ಸೇವಂತಿಗೆ ಮುಡಿದಿದ್ದಳು. ಅಡುಗೆಮನೆಯಿಂದ ಶಿರಾದ ತುಪ್ಪದ ಘಮ. ನನ್ನ ಸಲುವಾಗಿ ಇಷ್ಟು ಬೇಡವಾಗಿತ್ತು ಅನ್ನಿಸಿತು. ಅಷ್ಟರಲ್ಲಿ ಯಡ್ತರೆಯಿಂದ ನೆಂಟರು ಬಂದರು. ಅಕ್ಕನನ್ನು ನೋಡಲು ಬಂದ ಹುಡುಗ, ಅವನ ತಾಯಿ, ಅವನ ತಂದೆ. ತಂದೆ ಬಹಳ ಕಾಲ ಬೊಂಬಾಯಿಯಲ್ಲಿದ್ದು ಬಂದವರು, ಬಾಗಿಲು ತುಂಬುವ ಆಳು. ನೀರು ಬೆಲ್ಲ ಮುಗಿಸಿ ಅವರು ಮೆಲ್ಲಗೆ ಕೇಳಿದರು.

"ಒಂಚೂರ್ ಹಿಂದ್ ಬದಿಗ್ ಹೋಯ್ಕಿತ್ತ್."

ಅಪ್ಪನ ಮುಖ ಅರಳಿದ ರೀತಿ ನೋಡಬೇಕಿತ್ತು. ತಾವೇ ಹಿತ್ತಾಳೆ ಚಂಬು ತುಂಬಿಸಿ ಮೆರವಣಿಗೆ ಹೊರಟರು. ನಾನು ಅಡ್ಡದಾರಿಯಲ್ಲಿ ಓಡಿ ಕಕ್ಕಸಿನ ಬಾಗಿಲಿಗೆ ಎರಡೂ ಕೈ ಚಾಚಿ ನಿಂತೆ.

"ಅಪ್ಪಯ್ಯ, ಮೊದ್ಲ್ ನಾನ್ ಅಂದಿದ್ರಿ."

"ಯಾವಾಗ?" ಎಂದರು ಅಪ್ಪ.

ಗದರಲಿಲ್ಲ. ನಿಜವಾಗಿಯೂ ಕೇಳಿದರು. ನನ್ನನ್ನು ಒಣಗಲು ಹಾಕಿದ ಚಾಪೆಯಂತೆ ಬದಿಗೆ ಸರಿಸಿ, "ಮಕ್ಕಳ್ ಮಾತ್. ಬನಿ, ಬನಿ. ಎಲ್ಲಾ ನಾನೇ ಕೂಡ್ರ್ಸಿದ್ದ್," ಎಂದರು ನೆಂಟರಿಗೆ.

ಅಕ್ಕ ಅಡುಗೆಮನೆಯ ಕಿಟಕಿಯಲ್ಲಿದ್ದಳು. ಅವಳಾದರೂ ಸಾಕ್ಷಿ ಹೇಳುತ್ತಾಳೆಂದು ನೋಡಿದೆ. "ಸುಮ್ನೆ ಇರ್ ಮಾರಾಯ," ಎಂದು ಪಿಸುಗುಟ್ಟಿದಳು. "ಬೇಸಿನ್ ತಂದದ್ದೇ ಇವ್ರಿಗಾಯಿ. ನಿಂಗೆ ಗೊತ್ತಿಲ್ಲೆಯಾ?" ಅವಳಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಮರಳು ಹೊತ್ತವನೊಬ್ಬನೇ.

ಒಳಗಿನಿಂದ ಮೊದಲು ಏನೋ ಜಾರಿದ ಸದ್ದು, ಆಮೇಲೆ ಬೊಂಬಾಯಿಯ ಭಾಷೆಯಲ್ಲಿ ಒಂದು ಉದ್ಗಾರ. ಬಾಗಿಲು ತೆರೆಯಿತು. ಹುಡುಗನ ತಂದೆಯ ಪಂಚೆ ಒಂದು ಕಾಲಿನಲ್ಲಿ ಮೊಣಕಾಲಿನವರೆಗೆ ಒದ್ದೆ. ಅವರ ಹಿಂದೆ ಬೇಸಿನ್ ಎಡಕ್ಕೆ ವಾಲಿ, ಗಾಳಿಗೆ ಸಿಕ್ಕಿದ ದೋಣಿಯಂತೆ ನಿಂತಿತ್ತು. ಅಪ್ಪ ಅದನ್ನು ನೋಡಿದರು, ನೆಂಟರನ್ನು ನೋಡಿದರು. ಮತ್ತೆ ನನ್ನ ತಲೆಯ ಮೇಲೆ ಕೈ ಇಟ್ಟರು.

"ಮರಳ್ ತಂದದ್ದ್ ಈ ಮಾಣಿ."

ಹೊಳೆಯುವಾಗ ಅವರದು, ಮುಳುಗುವಾಗ ನನ್ನದು.

ಬೊಂಬಾಯಿಯವರು ತಮ್ಮ ಕಾಲನ್ನು ನೋಡಿಕೊಂಡರು. ಕಿಟಕಿಯಲ್ಲಿ ಉಸಿರು ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದರು. "ಹೆಣ್ಣ್ ಅಡ್ಡಿಲ್ಲೆ," ಎಂದರು. "ಕಕ್ಕಸ್ ಮಾತ್ರ ಇನ್ನೊಂದ್ ಸಲ ಕೂಡ್ರ್ಸಿ."

ಎಲ್ಲರೂ ನಕ್ಕರು. ನಾನು ನಗುವಂತಿರಲಿಲ್ಲ. ಬೆಳಗಿನಿಂದ ತಡೆದುಕೊಂಡವನಿಗೆ ನಗು ಅಪಾಯ. ಗಾಳಿಮರಗಳ ಕಡೆಗೆ ಓಡಿದೆ. ಅಲ್ಲಿ ಕುಳಿತು ಕಣ್ಣೊರೆಸಿಕೊಂಡು, ದೊಡ್ಡವರ ಮಾತನ್ನೂ ಸಮುದ್ರದ ಮರಳನ್ನೂ ಒಂದೇ ಜಾತಿಗೆ ಸೇರಿಸಿದೆ.

ಅಕ್ಕನ ಮದುವೆ ಅದೇ ಮನೆಗೆ ಆಯಿತು. ಮೇಸ್ತ್ರಿ ಬಂದು ಹೊಳೆ ಮರಳು ಹಾಕಿ ಬೇಸಿನ್ ಮತ್ತೆ ಕೂಡಿಸಿದ. ಆ ಸಲ ಮೊದಲು ಹೋದವರು ಅಜ್ಜಿ. ಅವರು ಯಾರನ್ನೂ ಕೇಳಲಿಲ್ಲ.

ಈಗ ನಮ್ಮ ಮನೆಯಲ್ಲಿ ಕೋಣೆಗೊಂದು ಕಕ್ಕಸು. ಮೊಮ್ಮಕ್ಕಳಿಗೆ ಗಾಳಿಮರದ ದಾರಿ ತಿಳಿಯದು. ಒಳಗೆ ಹೋದರೆ ಮೊಬೈಲಿನ ಚಾರ್ಜು ಮುಗಿದ ಮೇಲೆಯೇ ಹೊರಗೆ ಬರುತ್ತಾರೆ. ಮೊನ್ನೆ ನನ್ನ ಕೋಣೆಯ ಕಮೋಡು ಒಡೆಯಿತು. ಪ್ಲಂಬರ್ ನಾಳೆ ಅಂದ, ಮರುದಿನವೂ ನಾಳೆ ಅಂದ. ಮೊಮ್ಮಗಳು ವೀಡಿಯೊ ಹಚ್ಚಿಟ್ಟಳು; ಅವಳೂ ನಾನೂ ಸೇರಿ ಹಳೆಯದನ್ನು ಕಿತ್ತು ಹೊಸತನ್ನು ಕೂಡಿಸಿದೆವು. ಬಿಳಿ ಸಿಮೆಂಟು ಗಟ್ಟಿಯಾದ ದಿನ ನಾನು ನೆಟ್ಟಗೆ ನಿಂತು ಹೇಳಿದೆ.

"ಮೊದ್ಲ್ ಹೋಪ್ದ್ ನೀನೇ. ಇದ್ ಅಜ್ಜ ಕೊಟ್ಟ ಮಾತ್."

"ಯಾರ್ ಮೊದ್ಲ್ ಹೋದ್ರೆ ಎಂತ ಅಜ್ಜ? ನಂಗ್ ಈಗ ಬತ್ತಿಲ್ಲೆ. ನೀವೇ ಹೋಗಿ."

ಇಷ್ಟು ಕಾಲ ಎದೆಯಲ್ಲಿಟ್ಟು ಕಾಪಾಡಿದ ಹಕ್ಕನ್ನು ಈ ಹುಡುಗಿ ಹರಿದ ಚಪ್ಪಲಿಯಂತೆ ಬದಿಗೆ ತಳ್ಳಿದಳು. ಆಗಲಿ ಎಂದು ಒಗೆದ ಬೈರಾಸು ಹೆಗಲಿಗೆ ಹಾಕಿಕೊಂಡು ಹೊರಟೆ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಮೊಬೈಲಿನ ಆಟದ ಸದ್ದು, ಅದರ ನಡುವೆ ಕಿರಿಯ ಮೊಮ್ಮಗನ ಕೆಮ್ಮು.

ನಾನು ಎರಡನೆಯವನಾಗಿ ಹೋದೆ. ಕಮೋಡು ಅಲುಗಲಿಲ್ಲ.