ಹಸು ಮೂಸಿ ಬಿಟ್ಟ ಬಟ್ಟಲು

ಗೆಳೆಯರೇ, ನನ್ನ ಮೂರು ವಾರದ ವಿಜ್ಞಾನವನ್ನು ಇವತ್ತು ಅಕ್ಕನ ಹಸು ತಿಂದಿತು.

ರೇಷ್ಮೆಹುಳು ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿಯನ್ನು ಬೂದಿನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿ, ಹುಣಸೆಬೀಜದ ಅಂಟು ಕಲಸಿ, ಮಡಕೆಯ ಮೇಲೆ ಮೆತ್ತಿ ಒಣಗಿಸಿದ ಬಟ್ಟಲು ಅದು. ಗಿಡದ ನಾರಿನಿಂದಲೂ ಪ್ಲಾಸ್ಟಿಕ್ಕಿನಂತೆ ಬೇಕಾದ ಆಕಾರ ಕೊಡುವ ವಸ್ತು ಮಾಡಬಹುದೆಂದು ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು ನಾನು. ನಾಳೆ ಚಿಕ್ಕಬಳ್ಳಾಪುರದ ವಸ್ತುಪ್ರದರ್ಶನದಲ್ಲಿ ಅದನ್ನು ಇಡಬೇಕಿತ್ತು.

ಮೊದಲು ಅಕ್ಕನಿಗೆ ತೋರಿಸೋಣವೆಂದು ಅವಳ ಊರು ಸಾದಲಿಗೆ ಹೋದೆ. ಭಾವ ಚಿಂತಾಮಣಿ ಸಂತೆಯಿಂದ ತಂದಿದ್ದ ಕೆಂಪು ಪ್ಲಾಸ್ಟಿಕ್ ಬಟ್ಟಲನ್ನು ಜಗಲಿಯ ಮೇಲೆ ನನ್ನ ಬಟ್ಟಲಿನ ಪಕ್ಕದಲ್ಲೇ ಇಟ್ಟರು.

"ನಿಮ್ದು ನೀರು ಬಿದ್ರೆ ಮೆತ್ತಗಾಗುತ್ತೆ ಮೇಷ್ಟ್ರೇ. ಇದು ನೋಡಿ, ಮಣ್ಣಲ್ಲಿ ಹೂತ್ರೂ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರುತ್ತೆ."

"ಮಣ್ಣಲ್ಲಿ ಕರಗೋದೇ ನಂದರ ಗುಣ ಭಾವ" ಎಂದು ನಾನು ವಾದಕ್ಕೆ ನಿಂತೆ. ವಾದ ಜೋರಾಗಿರುವಾಗ ಬೆನ್ನ ಹಿಂದೆ ಕರುಂ ಕುರುಂ ಸದ್ದು.

"ಅಯ್ಯೋ, ನಿನ್ ಬಟ್ಟಲು ಕಣೋ!" ಎಂದು ಅಕ್ಕ ಕೂಗುವಷ್ಟರಲ್ಲಿ ಅರ್ಧ ಹಸುವಿನ ಹೊಟ್ಟೆಗಿಳಿದಿತ್ತು. ದಿನಾ ಅದರ ಮುಂದೆ ಹಾಕುವುದೂ ಅದೇ ಕಡ್ಡಿಯನ್ನೇ, ತಪ್ಪು ಹಸುವಿನದಲ್ಲ. ಆಮೇಲೆ ಕೆಂಪು ಬಟ್ಟಲನ್ನೂ ಮೂಸಿತು, ಮೂತಿ ತಿರುಗಿಸಿತು.

ಭಾವ ಗೆದ್ದವರಂತೆ ನಕ್ಕರು: "ನೋಡಿದ್ರಾ? ನಮ್ದನ್ನ ಹಸೂನೂ ಮುಟ್ಟಲ್ಲ!"

ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಒಂದೇ ಯೋಚನೆ: ಆ ಕರಗದ ವಸ್ತು ಊರೆಲ್ಲ ತುಂಬಿದ ಮೇಲೂ ಹಸುವಿಗೆ ಈ ಬುದ್ಧಿ ಉಳಿದಿದ್ದರೆ ಸಾಕು.